ಮೊಣಕಾಲು ಬದಲಾಯಿತು, ಮುಂದೇನಾಯಿತು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಈ ಮುಂಗಾರಿಗೆ ಎಷ್ಟು ಎಕರೆ ತೊಗರಿ ಬಿತ್ತಿದ್ದಾರೆ ಎಂದು ಕೇಳಿದರೆ ಕೃಷಿ ಇಲಾಖೆಯಲ್ಲಿ ಉತ್ತರ ಸಿಗುತ್ತದೆ. ಮೊಬೈಲ್ ಹಿಡಿದು ಸರ್ವೆ ನಂಬರುವಾರು ಹೊಲದ ಫೋಟೊ ತೆಗೆಯುವ ಬೆಳೆ ಸಮೀಕ್ಷೆ ರಾಜ್ಯದಲ್ಲಿ ಈಗ ವಾಡಿಕೆಯಾಗಿದೆ. ಎಮ್ಮೆ ಎಷ್ಟು, ಆಡು ಎಷ್ಟು ಎಂಬುದಕ್ಕೆ ಜಾನುವಾರು ಗಣತಿಯಿದೆ. ಆದರೆ ಇದೇ ಮೂರು ತಾಲೂಕುಗಳಲ್ಲಿ ಮೊಣಕಾಲು ಇಲ್ಲವೇ ಸೊಂಟದ ಕೀಲು ಬದಲಾಯಿಸಿಕೊಂಡವರು ಎಷ್ಟು ಜನ, ಅವರ ಮೈಯೊಳಗಿರುವ ಕೃತಕ ಕೀಲು ಯಾವ ಕಂಪನಿಯದು, ಆಪರೇಷನ್ ಆಗಿ ಐದು ವರ್ಷ ಕಳೆದ ಮೇಲೆ ಎಷ್ಟು ಮಂದಿ ಕೋಲಿಲ್ಲದೆ ನಡೆಯುತ್ತಿದ್ದಾರೆ ಎಂದು ಕೇಳಿದರೆ, ಉತ್ತರ ಹೇಳಬೇಕಾದ ಕಚೇರಿಯೇ ಇಲ್ಲ.

ಈ ಸೀಮೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ದೊಡ್ಡದು. ಕರಿಮಣ್ಣಿನ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುವವರು, ದಿನವಿಡೀ ಬಾಗಿ ಹತ್ತಿ ಬಿಡಿಸುವವರು, ಕೊಡ ಹೊತ್ತು ನೀರು ತರುವವರು ಬಹುಪಾಲು ಹೆಂಗಸರು. ವಯಸ್ಸು ಐವತ್ತು ದಾಟುವ ಹೊತ್ತಿಗೆ ಕೀಲು ಸವೆದು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮೊದಲು ಎಣ್ಣೆ ತಿಕ್ಕುತ್ತಾರೆ, ಆಮೇಲೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ, ಆಮೇಲೆ ಸೂಜಿ. ಯಾವುದೂ ನಾಟದಿದ್ದಾಗ ಆಪರೇಷನ್ನಿನ ಮಾತು ಬರುತ್ತದೆ. ಆಳಂದ, ಅಫಜಲಪುರದ ಎಷ್ಟೋ ಊರಿನವರಿಗೆ ಗಡಿಯಾಚೆಯ ಸೊಲ್ಲಾಪುರ ಹತ್ತಿರ. ಜೇವರ್ಗಿಯವರು ಭೀಮೆ ದಾಟಿದರೆ ಕಲಬುರಗಿ. ಕೈಯಲ್ಲಿ ದುಡ್ಡಿದ್ದವರು, ಇಲ್ಲವೇ ಸಾಲ ಹುಟ್ಟಿದವರು ಹೈದರಾಬಾದಿಗೂ ಹೋಗಿಬರುತ್ತಾರೆ. ಹೀಗೆ ಆಪರೇಷನ್ ಮಾಡಿದ ಡಾಕ್ಟರ್ ಒಂದು ರಾಜ್ಯದಲ್ಲಿ, ಎಕ್ಸ್‌ರೇ ತೆಗೆದ ಆಸ್ಪತ್ರೆ ಇನ್ನೊಂದು ಊರಿನಲ್ಲಿ, ಕಾಲು ಮಾತ್ರ ಹಳ್ಳಿಯ ಹೊಲದಲ್ಲಿ. ಈ ಮೂರನ್ನೂ ಜೋಡಿಸುವ ಒಂದು ಪುಸ್ತಕ ಬೇಕು. ಅದನ್ನು ಮುಂದುವರಿದ ದೇಶಗಳಲ್ಲಿ ಕೀಲು ಬದಲಾವಣೆಯ ನೋಂದಣಿ, ರಿಜಿಸ್ಟ್ರಿ ಎನ್ನುತ್ತಾರೆ.

ನೋಂದಣಿ ಇಲ್ಲದೆ ಒಳ್ಳೆಯ ಡಾಕ್ಟರಿಗೂ ತನ್ನ ಕೆಲಸದ ಫಲ ತಿಳಿಯುವುದಿಲ್ಲ. ಹಾಕಿದ ಕೀಲು ಸಡಿಲಾಗಿಯೋ ಒಳಗೆ ಕೀವು ತುಂಬಿಯೋ ಎರಡನೇ ಆಪರೇಷನ್ ಬೇಕಾದಾಗ ರೋಗಿ ಬಹಳ ಸಲ ಮೊದಲಿನ ಆಸ್ಪತ್ರೆಗೆ ಹೋಗುವುದೇ ಇಲ್ಲ. ನಂಬಿಕೆ ಮುರಿದಿರುತ್ತದೆ, ಇಲ್ಲವೇ ಮಗನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿರುತ್ತದೆ. ಚೆನ್ನಾಗಿ ಆದವರು ಹಬ್ಬಕ್ಕೆ ಹಣ್ಣು ತಂದುಕೊಟ್ಟು ಕೈಮುಗಿದು ಹೋಗುತ್ತಾರೆ. ಕಾಲು ಕೆಟ್ಟವರು ಕಣ್ಣಿಗೆ ಬೀಳುವುದಿಲ್ಲ. ‘ನಮ್ಮಲ್ಲಿ ರಿಸಲ್ಟ್ ಛಲೋ ಅದ’ ಎಂದು ಒಬ್ಬ ಸರ್ಜನ್ ಹೇಳಿದರೆ ಅದರಲ್ಲಿ ಸುಳ್ಳಿಲ್ಲ, ಆತ ಕಂಡದ್ದನ್ನೇ ಹೇಳುತ್ತಿದ್ದಾನೆ. ಕಾಣದೆ ಹೋದದ್ದನ್ನು ತೋರಿಸುವವರು ಯಾರೂ ಇಲ್ಲ ಎಂಬುದೇ ಇಲ್ಲಿಯ ತೊಡಕು.

ಕಾಣದೆ ಹೋದರೆ ಏನಾಗುತ್ತದೆ ಎಂಬುದನ್ನು ಭಾರತ ಒಮ್ಮೆ ಅನುಭವಿಸಿದೆ. ಜಾನ್ಸನ್ ಆ್ಯಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಮಾರುತ್ತಿತ್ತು. ಲೋಹದ ಬಟ್ಟಲಲ್ಲಿ ಲೋಹದ ಗುಂಡು ತಿರುಗುವ ವಿನ್ಯಾಸ ಅದು. ಉಜ್ಜಿ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಕ್ಕೆ, ರಕ್ತಕ್ಕೆ ಸೇರಿ ಕೀಲಿನ ಸುತ್ತ ಅಂಗಾಂಶವೇ ಸಾಯತೊಡಗಿತು. ಇದನ್ನು ಮೊದಲು ಹಿಡಿದವರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ನೋಂದಣಿ ಮುಖ್ಯವಾದದ್ದು. 1999ರಲ್ಲಿ ಆರಂಭವಾಗಿದ್ದ ಆ ನೋಂದಣಿ, ಈ ಕೀಲು ಹಾಕಿಸಿಕೊಂಡವರು ಬೇರೆಯವರಿಗಿಂತ ಹೆಚ್ಚಾಗಿ ಎರಡನೇ ಆಪರೇಷನ್ನಿಗೆ ಬರುತ್ತಿದ್ದಾರೆ ಎಂದು 2007ರಲ್ಲೇ ತೋರಿಸಿತು. 2009ರ ಕೊನೆಗೆ ಕಂಪನಿ ಆ ದೇಶದ ಮಾರುಕಟ್ಟೆಯಿಂದ ಅದನ್ನು ಹಿಂದೆಗೆದುಕೊಂಡಿತು. ಜಗತ್ತಿನ ಉಳಿದ ಕಡೆಯಿಂದ ವಾಪಸು ಕರೆಸಿಕೊಂಡದ್ದು 2010ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 93,000 ಮಂದಿಗೆ ಅದನ್ನು ಹಾಕಿ ಆಗಿತ್ತು.

ಭಾರತದಲ್ಲಿ ಸುಮಾರು 4,700 ಮಂದಿಗೆ ಈ ಕೀಲು ಹಾಕಲಾಗಿತ್ತು. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಡಾ. ಅರುಣ್ ಅಗರ್ವಾಲ್ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಮರುವರ್ಷ ಅದು ಕೊಟ್ಟ ವರದಿಯಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವ ಸಂಗತಿಯೆಂದರೆ, ಆ ರೋಗಿಗಳಲ್ಲಿ ಸುಮಾರು 3,600 ಮಂದಿ ಪತ್ತೆಯೇ ಆಗಲಿಲ್ಲ ಎಂಬುದು. ಅವರ ಮೈಯಲ್ಲಿ ಏನಿದೆ ಎಂದು ಅವರಿಗೆ ಹೇಳುವವರಿಲ್ಲ. ಅವರು ಎಲ್ಲಿದ್ದಾರೆ ಎಂದು ಸರ್ಕಾರಕ್ಕೆ ಹೇಳುವವರಿಲ್ಲ. 2018ರ ಕೊನೆಯಲ್ಲಿ ಸರ್ಕಾರ ಪರಿಹಾರದ ಸೂತ್ರ ಪ್ರಕಟಿಸಿತು: 30 ಲಕ್ಷದಿಂದ 1.23 ಕೋಟಿ ರೂಪಾಯಿಯವರೆಗೆ. ಆದರೆ ಗುರುತೇ ಸಿಗದವರಿಗೆ ಪರಿಹಾರ ತಲುಪುವುದು ಹೇಗೆ? ಕಂಪನಿಯ ತಪ್ಪಿಗೆ ಕೋರ್ಟಿದೆ, ಕಾನೂನಿದೆ. ದಾಖಲೆ ಇಡದ ತಪ್ಪು ಮಾತ್ರ ನಮ್ಮ ವ್ಯವಸ್ಥೆಯದೇ.

ಇದಕ್ಕೆ ಹೋಲುವ ಸಂಕಟ ಬ್ರಿಟನ್ನಿಗೆ ಮೊದಲೇ ಎದುರಾಗಿತ್ತು. ಅಲ್ಲಿ 1990ರ ದಶಕದಲ್ಲಿ ತ್ರೀಎಂ ಕಂಪನಿಯ ಕ್ಯಾಪಿಟಲ್ ಹಿಪ್ ಎಂಬ ಕೀಲನ್ನು ಸುಮಾರು 4,700 ಮಂದಿಗೆ ಹಾಕಿದ್ದರು. ಅಂದರೆ ನಮ್ಮ ಎಎಸ್‌ಆರ್ ರೋಗಿಗಳಷ್ಟೇ ಮಂದಿ. ಅದು ಬೇಗ ಸಡಿಲಾಗುತ್ತಿದೆಯೆಂದು 1998ರಲ್ಲಿ ಎಚ್ಚರಿಕೆ ಹೊರಟಾಗ, ಯಾರಿಗೆ ಹಾಕಿದ್ದೇವೆ ಎಂದು ಆಸ್ಪತ್ರೆಗಳು ಹಳೆಯ ಕಡತ ಕೆದಕಬೇಕಾಯಿತು. ಆ ಅವಮಾನದಿಂದ ಬ್ರಿಟನ್ ಪಾಠ ಕಲಿಯಿತು. 2003ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕೀಲು ನೋಂದಣಿ ಶುರುವಾಯಿತು. ಇಂದು ಅದರಲ್ಲಿ 30 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ದಾಖಲೆಯಿದೆ. ಭಾರತದಲ್ಲಿ ಅಷ್ಟೇ ದೊಡ್ಡ ಪೆಟ್ಟು ಬಿದ್ದ ಮೇಲೂ ಕಡ್ಡಾಯ ನೋಂದಣಿ ಬರಲಿಲ್ಲ.

ಬಂದದ್ದು ಬೆಲೆಯ ಮಿತಿ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಕೃತಕ ಮೊಣಕಾಲಿನ ಬೆಲೆಗೆ ಕಡಿವಾಣ ಹಾಕಿತು. ಅಲ್ಲಿಯವರೆಗೆ ಸರಾಸರಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಾರುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಮೊಣಕಾಲಿನ ಗರಿಷ್ಠ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ಬಡವರ ಪಾಲಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಸರ್ಕಾರ ಕೀಲಿನ ಬೆಲೆಯನ್ನು ಇಷ್ಟು ಶ್ರದ್ಧೆಯಿಂದ ಕೇಳಿದ ಮೇಲೆ ಅದರ ಬಾಳಿಕೆಯನ್ನೂ ಕೇಳಬೇಕಿತ್ತು. ಅಗ್ಗವಾಗಿ ಸಿಕ್ಕ ಕೀಲು ಏಳು ವರ್ಷಕ್ಕೆ ಸಡಿಲಾದರೆ ಎರಡನೇ ಆಪರೇಷನ್ನಿನ ಇಂಪ್ಲಾಂಟಿಗೇ ಅದರ ಎರಡು ಪಟ್ಟು ಹಣ ಬೇಕು. ಆ ಲೆಕ್ಕ ಯಾವ ಆದೇಶದಲ್ಲೂ ಇಲ್ಲ.

ನೋಂದಣಿಯ ಕೆಲಸ ಕೇಳಲು ಬಹಳ ಸರಳ. ಆಪರೇಷನ್ ದಿನ ಒಂದು ಹಾಳೆ ತುಂಬಬೇಕು: ರೋಗಿ ಯಾರು, ಯಾವ ಕಾಲು, ಯಾವ ಕಾಯಿಲೆಗೆ, ಯಾವ ಕಂಪನಿಯ ಯಾವ ಮಾದರಿಯ ಕೀಲು, ಅದರ ಲಾಟ್ ನಂಬರ್ ಏನು, ಸಿಮೆಂಟ್ ಯಾವುದು, ಆಪರೇಷನ್ ಮಾಡಿದವರು ಯಾರು. ಮುಂದೆ ಅದೇ ಕಾಲಿಗೆ ದೇಶದ ಯಾವ ಮೂಲೆಯಲ್ಲಿ ಎರಡನೇ ಆಪರೇಷನ್ ಆದರೂ ಆ ಹಾಳೆಗೆ ಇನ್ನೊಂದು ಹಾಳೆ ಸೇರಬೇಕು. ರೋಗಿ ತೀರಿಕೊಂಡರೆ ಮರಣ ನೋಂದಣಿಯಿಂದ ಆ ಸುದ್ದಿ ಬರಬೇಕು. ಇಂಥದ್ದನ್ನೇ ವರ್ಷಗಟ್ಟಲೆ ಬಿಡದೆ ಮಾಡುತ್ತ ಸ್ವೀಡನ್ 1975ರಿಂದ ಮೊಣಕಾಲಿನ, 1979ರಿಂದ ಸೊಂಟದ ಲೆಕ್ಕ ಇಟ್ಟಿದೆ. ಬೋನ್‌ಲಾಕ್ ಎಂಬ ಎಲುಬಿನ ಸಿಮೆಂಟ್ ಬೇಗ ಸಡಿಲಾಗುತ್ತದೆ ಎಂಬುದನ್ನು 1995ರಲ್ಲಿ ಬಯಲಿಗೆಳೆದದ್ದು ನಾರ್ವೆಯ ನೋಂದಣಿ. ಸಿಮೆಂಟಿನಲ್ಲೂ ಆ್ಯಂಟಿಬಯೋಟಿಕ್ ಬೆರೆಸಿ, ರಕ್ತಕ್ಕೂ ಕೊಟ್ಟರೆ ಎರಡನೇ ಆಪರೇಷನ್ನಿನ ಸಂಭವ ಕಡಿಮೆಯಾಗುತ್ತದೆ ಎಂದು ಕಲಿಸಿದ್ದೂ ಅದೇ. ಹಾಕಿದ ಕೀಲು ಎಷ್ಟು ವರ್ಷ ಬಾಳುತ್ತದೆ ಎಂದು ರೋಗಿ ಕೇಳಿದರೆ ಇಂದು ಜಗತ್ತಿನ ಡಾಕ್ಟರುಗಳು ಹೇಳುವ ಉತ್ತರ ಕೂಡ ನೋಂದಣಿಗಳದ್ದೇ. ಪೂರ್ತಿ ಬದಲಾಯಿಸಿದ ಮೊಣಕಾಲುಗಳಲ್ಲಿ ನೂರಕ್ಕೆ ಸುಮಾರು 82, ಸೊಂಟದ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜಿಗೆ ಆಧಾರ ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ದಾಖಲೆಗಳು.

ಆ ಅಂಕಿ ಅಫಜಲಪುರಕ್ಕೆ ಹೊಂದುತ್ತದೆಯೇ? ಫಿನ್ಲೆಂಡಿನ ಅಜ್ಜಿ ಕುರ್ಚಿಯಲ್ಲಿ ಕೂತು ಉಣ್ಣುತ್ತಾಳೆ. ಭೀಮೆಯ ದಂಡೆಯ ಹಳ್ಳಿಗಳಲ್ಲಿ ಅಡುಗೆ, ಊಟ, ಪೂಜೆ, ನಮಾಜು, ಬಹಿರ್ದೆಸೆ, ಕೂಲಿ ಎಲ್ಲವೂ ನೆಲದ ಮೇಲೆಯೇ. ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಿನಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಕಳೆ ತೆಗೆಯುವ ಹಂಗಾಮು ಬಂದಾಗ ಆ ಮಾತು ಎಷ್ಟು ಮನೆಗಳಲ್ಲಿ ನಡೆಯುತ್ತದೆ? ಇನ್ನು ಸೊಂಟದ ಕಥೆಯೇ ಬೇರೆ. ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲು ಬದಲಾಯಿಸುವುದು ಹೆಚ್ಚಾಗಿ ಮುದುಕರಿಗೆ. ನಮ್ಮಲ್ಲಿ ತೊಡೆಯೆಲುಬಿನ ತಲೆಗೆ ರಕ್ತ ಹರಿಯದೆ ಅದು ಕುಸಿದುಹೋಗುವ ಕಾಯಿಲೆಯಿಂದ, ಮೂವತ್ತು ನಲವತ್ತರ ಗಂಡಸರೂ ಆಪರೇಷನ್ ಟೇಬಲ್ಲಿಗೆ ಬರುತ್ತಾರೆ. ಸ್ಟೀರಾಯ್ಡ್ ಮದ್ದು, ವಿಪರೀತ ಕುಡಿತ ಎರಡೂ ಅದಕ್ಕೆ ಕಾರಣವಾಗಬಲ್ಲವು. ಅವರ ಮೈಯಲ್ಲಿ ಆ ಕೀಲು ನಲವತ್ತು ವರ್ಷ ದುಡಿಯಬೇಕು. ಅವರಿಗೆ ಬೇರೆ ದೇಶದ ಮುದುಕರ ಅಂಕಿ ತೋರಿಸಿ ಸಮಾಧಾನ ಹೇಳುವುದು ನ್ಯಾಯವಲ್ಲ.

ದೇಶದಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ. ಸೊಂಟ ಮತ್ತು ಮೊಣಕಾಲು ಸರ್ಜನ್ನರ ಭಾರತೀಯ ಸಂಘ 2006ರಲ್ಲಿ ಸ್ವಂತ ನೋಂದಣಿ ತೆರೆಯಿತು. 2013ರ ಹೊತ್ತಿಗೆ ಅದರಲ್ಲಿ 34 ಸಾವಿರಕ್ಕೂ ಹೆಚ್ಚು ಮೊಣಕಾಲುಗಳ ವಿವರ ಸೇರಿತ್ತು. ರೋಗಿಗಳಲ್ಲಿ ಮುಕ್ಕಾಲು ಪಾಲು ಹೆಂಗಸರು, ಸೊಂಟದ ಆಪರೇಷನ್ನಿಗೆ ರಕ್ತ ಹರಿಯದ ಕಾಯಿಲೆಯೇ ಅತಿ ದೊಡ್ಡ ಕಾರಣ ಎಂಬ ಅಮೂಲ್ಯ ಸಂಗತಿಗಳು ತಿಳಿದದ್ದು ಅದರಿಂದ. ಹಾಳೆ ತುಂಬಿದ ಡಾಕ್ಟರುಗಳಿಗೆ ದೇಶ ಋಣಿಯಾಗಿರಬೇಕು. ಆದರೆ ಅಲ್ಲಿ ಇಷ್ಟವಿದ್ದವರು ಮಾತ್ರ ವಿವರ ಕೊಡುತ್ತಾರೆ. ತಮ್ಮ ಕೆಲಸದ ಬಗ್ಗೆ ಧೈರ್ಯವಿರುವವರೇ ಸಾಮಾನ್ಯವಾಗಿ ಇಷ್ಟಪಡುವವರು. ಸಣ್ಣ ಪಟ್ಟಣದ ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಕೀವಾಗಿ, ಬೇರೆ ಊರಿನಲ್ಲಿ ಕೀಲು ತೆಗೆಸಿಕೊಂಡ ಹೆಂಗಸು ಈ ಪುಸ್ತಕದಲ್ಲಿ ಬರುವ ಸಂಭವ ಕಡಿಮೆ. 2015ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ವೈದ್ಯಕೀಯ ಉಪಕರಣಗಳ ನಿಗಾ ಕಾರ್ಯಕ್ರಮವೂ ದೂರು ಬಂದ ಮೇಲೆ ಎಚ್ಚರಗೊಳ್ಳುವಂಥದ್ದು. ದೂರು ಕೊಡಬೇಕೆಂಬ ಅರಿವೇ ಇಲ್ಲದ ಕಡೆ ಅದು ಕುರುಡಾಗಿರುತ್ತದೆ.

ಹಳ್ಳಿಗಾಡಿನಲ್ಲಿ ಇಂಥದ್ದೆಲ್ಲ ನಡೆಯದು ಎನ್ನುವವರು ಅಫಜಲಪುರದಿಂದ ಗಡಿ ದಾಟಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯತ್ತ ನೋಡಬೇಕು. ಅಲ್ಲಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯನ್ನು ನೆಲೆ ಮಾಡಿಕೊಂಡು 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದರ ವ್ಯಾಪ್ತಿ ಬಾರ್ಶಿ, ಪರಾಂಡಾ, ಭೂಮ್ ಎಂಬ ಮೂರು ತಾಲೂಕು, 346 ಹಳ್ಳಿ. ಕಂಪ್ಯೂಟರ್ ಇನ್ನೂ ಊರು ಸೇರದ ಕಾಲ, ಫೋನು ಅಪರೂಪ, ರಸ್ತೆ ಅಷ್ಟಕ್ಕಷ್ಟೆ. ಆಸ್ಪತ್ರೆಯ ಕಡತ ನೋಡಿಕೊಂಡು ಕೂತರೆ ಹಳ್ಳಿಯ ಕ್ಯಾನ್ಸರ್ ಕಾಣುವುದಿಲ್ಲ ಎಂದು ಅಲ್ಲಿನವರಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ತರಬೇತಾದ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಊರವರನ್ನು ಸೇರಿಸಿ, ಯಾವ ಲಕ್ಷಣ ಕಂಡರೆ ಅನುಮಾನಪಡಬೇಕು ಎಂದು ತಿಳಿಸಿ, ಅನುಮಾನವಿದ್ದವರನ್ನು ಆಸ್ಪತ್ರೆಗೆ ಕರೆತಂದು, ಸತ್ತವರ ವಿವರವನ್ನು ಊರಿನ ದಾಖಲೆಯಿಂದ ತೆಗೆದು ಬರೆದರು. ಆ ಬೇರಿನಿಂದ ಬೆಳೆದ ಕೆಲಸ ಜಗತ್ತಿಗೇ ಪಾಠವಾಯಿತು. ಪಕ್ಕದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯಲ್ಲಿ 1,31,746 ಹೆಂಗಸರನ್ನು ಒಳಗೊಂಡ ಅಧ್ಯಯನವೊಂದು, ಒಂದೇ ಒಂದು ಎಚ್‌ಪಿವಿ ಪರೀಕ್ಷೆ ಗರ್ಭಕಂಠದ ಕ್ಯಾನ್ಸರ್ ಸಾವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು 2009ರಲ್ಲಿ ತೋರಿಸಿಕೊಟ್ಟಿತು. ಈ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಆಳಂದ ತಾಲೂಕಿಗೆ ನೆರೆ. ಮಣ್ಣು ಅದೇ, ಬೆಳೆ ಅದೇ, ಬಡತನವೂ ಅದೇ.

ಕರ್ನಾಟಕಕ್ಕೂ ಇದು ಹೊಸದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಲೆಕ್ಕ ಇಡುತ್ತ ಬಂದಿದೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, ಬಡ ಕುಟುಂಬಗಳಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರ ಫೆಬ್ರುವರಿಯಲ್ಲಿ ಮೊದಲು ಜಾರಿಯಾದದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲೇ. ಯೋಜನೆ ಇದ್ದ ಉತ್ತರದ ಹಳ್ಳಿಗಳನ್ನೂ ವಿಭಾಗದ ಗಡಿಗೆರೆಯ ಆಚೆ ಅದು ಇನ್ನೂ ಬಾರದಿದ್ದ ಹಳ್ಳಿಗಳನ್ನೂ, ಒಟ್ಟು 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿದರು. ಬಡ ಕುಟುಂಬಗಳಲ್ಲಿ ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಆದ ಸಾವು ಇತ್ತ ಶೇ 0.32, ಅತ್ತ ಶೇ 0.90 ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಹಣ ಜನರ ಜೀವ ಉಳಿಸಿತೇ ಎಂಬ ಪ್ರಶ್ನೆಗೆ ಮನೆಮನೆಗೆ ಹೋಗಿ ಉತ್ತರ ಹುಡುಕಿದ ನಾಡು ಇದು. ಅದೇ ಪ್ರಶ್ನೆಯನ್ನು ಕೀಲಿನ ಬಗ್ಗೆ ಕೇಳಲು ಏನು ಅಡ್ಡಿ?

ಕೇಳಬೇಕಾದ ಜಾಗವೂ ಸಿದ್ಧವಿದೆ. ಆಯುಷ್ಮಾನ್ ಭಾರತದ ರಾಷ್ಟ್ರೀಯ ಚಿಕಿತ್ಸಾ ಪಟ್ಟಿಯಲ್ಲಿ ಮೊಣಕಾಲು ಮತ್ತು ಸೊಂಟದ ಕೀಲು ಬದಲಾವಣೆ ಸೇರಿದೆ. ಸರ್ಕಾರಿ ಯೋಜನೆಯಡಿ ಆಪರೇಷನ್ ಮಾಡಿದ ಆಸ್ಪತ್ರೆ ಬಿಲ್ ಪಾಸಾಗಲು ಎಕ್ಸ್‌ರೇ, ಇಂಪ್ಲಾಂಟಿನ ದಾಖಲೆ ಕಳಿಸಲೇಬೇಕು. ಕೃತಕ ಕೀಲಿನ ಡಬ್ಬಿಯಲ್ಲಿ ಮಾದರಿ, ಅಳತೆ, ಲಾಟ್ ನಂಬರ್ ಅಚ್ಚಾದ ಸ್ಟಿಕ್ಕರುಗಳು ಒಂದಕ್ಕಿಂತ ಹೆಚ್ಚು ಬರುತ್ತವೆ. ಅವುಗಳಲ್ಲಿ ಒಂದನ್ನು ರೋಗಿಯ ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸುವುದು ಕಡ್ಡಾಯವಾಗಲಿ, ಇನ್ನೊಂದು ರಾಜ್ಯದಲ್ಲಿ ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಕಂಪ್ಯೂಟರಿಗೆ ಸೇರಲಿ. ಸ್ಟಿಕ್ಕರ್ ನಂಬರಿಲ್ಲದ ಬಿಲ್ಲಿಗೆ ಹಣ ಕೊಡಬಾರದು. ಈ ಒಂದು ಷರತ್ತು ಹಾಕಲು ಹೊಸ ಕಾನೂನು ಬೇಡ, ಸುತ್ತೋಲೆ ಸಾಕು. ಖಾಸಗಿಯಾಗಿ ದುಡ್ಡು ಕೊಟ್ಟು ಮಾಡಿಸಿಕೊಂಡವರ ವಿಷಯ ಕಷ್ಟ, ಗಡಿಯಾಚೆಯ ಆಸ್ಪತ್ರೆಗಳದು ಇನ್ನೂ ಕಷ್ಟ. ಬಾರ್ಶಿ ಮಾದರಿ ಬೇಕಾಗುವುದು ಅಲ್ಲಿಯೇ.

ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕುಗಳನ್ನು ಮೊದಲ ಪ್ರಯೋಗಕ್ಕೆ ಆರಿಸಿಕೊಂಡರೆ, ಹಳ್ಳಿಯ ಕಡೆಯಿಂದ ಲೆಕ್ಕ ಶುರುಮಾಡಬಹುದು. ಯಾರ ಮನೆಯಲ್ಲಿ ಯಾರಿಗೆ ಕಾಲಿನ ಆಪರೇಷನ್ ಆಗಿದೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಆಪರೇಷನ್ ಎಲ್ಲಿ ಆಗಿರಲಿ, ಕಾಗದಪತ್ರ ನೋಡಿ ಬರೆದುಕೊಂಡು, ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕೆಲವು ಪ್ರಶ್ನೆ ಕೇಳಿಬರಬೇಕು. ಇಂಗ್ಲೆಂಡಿನಲ್ಲಿ 2009ರಿಂದ ಮೊಣಕಾಲು ಬದಲಾಯಿಸಿಕೊಂಡವರಿಗೆ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಹನ್ನೆರಡು ಪ್ರಶ್ನೆಗಳ ಹಾಳೆಯನ್ನು ಆಪರೇಷನ್ನಿಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಕೊಡುತ್ತಾರೆ. ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು. ‘ಕೆಳಗ ಕುಂತು ಏಳಲಿಕ್ಕ ಬರ್ತದೇನವ್ವಾ? ಬಸ್ಸಿನ ಮೆಟ್ಟಲಾ ಹತ್ತತಿಯೇನು? ಹೊಲಕ್ಕ ಹೋಗ್ತಿಯೇನು? ರಾತ್ರಿ ನೋವಿಗಿ ನಿದ್ದಿ ಕೆಡ್ತದೇನು?’ ಎಂದು ಕೇಳುವ ಹಾಳೆ ಇಲ್ಲಿಯೇ ಸಿದ್ಧವಾಗಬೇಕು. ಕಲಬುರಗಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇಎಸ್‌ಐಸಿ ವೈದ್ಯಕೀಯ ಕಾಲೇಜು, 1963ರಿಂದ ಇರುವ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು ಎಲ್ಲವೂ ಒಂದೇ ನಗರದಲ್ಲಿವೆ. ಎಲುಬು-ಕೀಲು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಬೆಲೆಯುಳ್ಳ ಪ್ರಬಂಧದ ವಿಷಯ ಸಿಗುವುದು ಅಪರೂಪ.

ಆಕ್ಷೇಪಗಳು ಬರುತ್ತವೆ, ಅವುಗಳಲ್ಲಿ ಹುರುಳಿಲ್ಲದಿಲ್ಲ. ಡಾಕ್ಟರುಗಳ ಭಯ ಮೊದಲನೆಯದು: ಹೆಸರು ಹೊರಬಿದ್ದರೆ ಕೋರ್ಟು, ಪತ್ರಿಕೆ, ಬಾಗಿಲ ಮುಂದೆ ಗಲಾಟೆ. ಕಷ್ಟದ ರೋಗಿಗಳನ್ನು ಯಾರೂ ಮುಟ್ಟದಂತಾದರೆ ಕೊನೆಗೆ ಸೋಲುವವರು ಬಡವರೇ. ಆದ್ದರಿಂದ ಮೊದಲ ಹಲವು ವರ್ಷ ಪ್ರಕಟಿಸಬೇಕಾದದ್ದು ಕೀಲಿನ ಮಾದರಿವಾರು ಫಲಿತಾಂಶ, ಸರ್ಜನ್ನರ ಹೆಸರಿನ ಪಟ್ಟಿಯಲ್ಲ. ಪ್ರತಿ ಸರ್ಜನ್ನಿಗೆ ಆತನ ಲೆಕ್ಕವನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಿ, ಪಕ್ಕದಲ್ಲಿ ಜಿಲ್ಲೆಯ ಸರಾಸರಿ ಬರೆದರೆ ಸಾಕು. ಸ್ವೀಡನ್ನಿನಲ್ಲಿ ದಶಕಗಳ ಕಾಲ ಸುಧಾರಣೆ ನಡೆದದ್ದು ಆಸ್ಪತ್ರೆಗಳಿಗೆ ಅವುಗಳ ಲೆಕ್ಕ ಹಿಂದಿರುಗಿಸಿಯೇ. ರೋಗಿಯ ಗುಟ್ಟಿನ ಪ್ರಶ್ನೆ ಎರಡನೆಯದು. ಒಪ್ಪಿಗೆ ಪಡೆದು ಬರೆದುಕೊಳ್ಳಬೇಕು, ಆ ಒಪ್ಪಿಗೆಯ ಹಾಳೆ ಕನ್ನಡದಲ್ಲಿ, ಬೇಕಾದವರಿಗೆ ಮರಾಠಿ, ಉರ್ದುವಿನಲ್ಲಿ ಇರಬೇಕು.

ಮೂರನೆಯದು ಆಶಾ ಕಾರ್ಯಕರ್ತೆಯರದು, ಅದೇ ಎಲ್ಲಕ್ಕಿಂತ ನ್ಯಾಯವಾದದ್ದು. ಗರ್ಭಿಣಿಯಿಂದ ಹಿಡಿದು ಬಿಪಿ-ಶುಗರ್‌ವರೆಗೆ ಎಲ್ಲ ಪಟ್ಟಿಯೂ ಅವರ ತಲೆಗೇ ಬಿದ್ದಿದೆ, ಗೌರವಧನಕ್ಕಾಗಿ ಅವರು ಬೀದಿಗಿಳಿಯುವುದೂ ತಪ್ಪಿಲ್ಲ. ಇನ್ನೊಂದು ಪಟ್ಟಿ ಕೊಡುವುದಾದರೆ ಪ್ರತಿ ಹಾಳೆಗೆ ಹಣ ಗೊತ್ತುಮಾಡಿ, ತಿಂಗಳ ಕೊನೆಗೆ ಅದು ಅವರ ಖಾತೆಗೆ ಬೀಳುವಂತೆ ಮಾಡಿದ ಮೇಲೆಯೇ ಕೊಡಬೇಕು. ಪುಕ್ಕಟೆ ದುಡಿಮೆಯ ಮೇಲೆ ಕಟ್ಟಿದ ಲೆಕ್ಕ ಎರಡನೇ ವರ್ಷಕ್ಕೆ ನಿಲ್ಲುತ್ತದೆ, ನಿಲ್ಲದಿದ್ದರೆ ಸುಳ್ಳಾಗುತ್ತದೆ.

ಹಣದ ಮಾತೂ ಇಲ್ಲಿ ದೊಡ್ಡದಲ್ಲ. ಸಂವಿಧಾನದ 371(ಜೆ) ವಿಧಿಯ ಬಲದಿಂದ ನಡೆಯುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. 2023-24ರ ಬಜೆಟ್ಟಿನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಕಟ್ಟಡಗಳಿಗೆ ಹೋಗುವ ಹಣದಲ್ಲಿ ಬೆರಳೆಣಿಕೆಯ ಸಿಬ್ಬಂದಿಯ ಸಂಬಳ, ಆಶಾ ಕಾರ್ಯಕರ್ತೆಯರ ಭತ್ಯೆ, ಒಂದು ಸರ್ವರ್, ಒಂದು ವಾಹನ ಹೊರಡುವುದು ಕಷ್ಟವಲ್ಲ. ಮಂಡಳಿಯ ಮುಂದಿನ ಕ್ರಿಯಾ ಯೋಜನೆಗೆ ಈ ಪ್ರಸ್ತಾವವನ್ನು ಬರೆದು ಕಳಿಸಬೇಕಾದವರು ಜಿಲ್ಲಾ ಆರೋಗ್ಯ ಅಧಿಕಾರಿ ಮತ್ತು ವೈದ್ಯಕೀಯ ಕಾಲೇಜುಗಳ ಎಲುಬು-ಕೀಲು ವಿಭಾಗದ ಮುಖ್ಯಸ್ಥರು. ಮೂರೂ ತಾಲೂಕುಗಳ ಶಾಸಕರು ಅದಕ್ಕೆ ಸಹಿ ಹಾಕಲಿ. ಸೊಲ್ಲಾಪುರದ ಆಸ್ಪತ್ರೆಗಳಿಂದ ವಿವರ ತರಿಸಿಕೊಳ್ಳಲು ಎರಡು ಜಿಲ್ಲಾಡಳಿತಗಳ ನಡುವೆ ಪತ್ರ ವ್ಯವಹಾರ ಬೇಕಾಗುತ್ತದೆ. ಅದನ್ನು ಈಗಲೇ ಶುರುಮಾಡಿದರೆ ಮುಂದಿನ ತೊಗರಿ ರಾಶಿಯ ಹೊತ್ತಿಗೆ ಮೊದಲ ಹಾಳೆ ತುಂಬಬಹುದು.